ನನ್ನ ಗಿರಾಕಿಗಳ ಸೊಟ್ಟವನ್ನು ಮರಳಿಸಿ

ಇವರಿಗೆ,
ಬೆನ್ನುಮೂಳೆಯ ಕೈರೋಪ್ರ್ಯಾಕ್ಟಿಕ್ ತಜ್ಞರು,
ಮೊದಲ ಮಹಡಿ, ಇಪ್ಪತ್ತೆರಡು ಮೆಟ್ಟಿಲು ಹತ್ತಿದ ನಂತರ ಎಡಗಡೆ.

ಇವರಿಂದ,
ಅದೇ ಕಟ್ಟಡದ ನೆಲಮಹಡಿಯ ದರ್ಜಿ.

ವಿಷಯ: ಮುನ್ಸೂಚನೆಯಿಲ್ಲದೆ ಸಾರ್ವಜನಿಕರನ್ನು ನೆಟ್ಟಗೆ ಮಾಡುತ್ತಿರುವುದರಿಂದ ಹೊಲಿಗೆ ಕಸುಬಿಗೆ ಒದಗಿರುವ ಸಂಕಷ್ಟಗಳ ಕುರಿತು.

ಮಾನ್ಯರೇ,

ತಮ್ಮ ಹತ್ತು ಬೆರಳುಗಳಿಗೆ ಎಂದೂ ದಣಿವಾಗದಿರಲಿ, ತಮ್ಮ ಚಿಕಿತ್ಸಾಲಯದ ಮುಂದಿನ ಬೆಂಚು ಎಂದೂ ಖಾಲಿಯಾಗದಿರಲಿ ಎಂದು ಮನಃಪೂರ್ವಕವಾಗಿ ಹಾರೈಸಿ, ಎರಡೂ ಕೈ ಜೋಡಿಸಿ, ತಾವೇ ಕಲಿಸಿದ ಕ್ರಮದಂತೆ ಸೊಂಟವನ್ನು ಬಗ್ಗಿಸದೆ ಮಂಡಿಗಳನ್ನು ಮಾತ್ರ ತುಸು ಮಡಚಿ ನಮಸ್ಕರಿಸುತ್ತಾ, ತಮ್ಮ ಕಾಲ ಕೆಳಗಿನ ಅಂಗಡಿಯವನಾದ ನಾನು ಮಾಡಿಕೊಳ್ಳುವ ಬಹಿರಂಗ ಬಿನ್ನಹವೇನೆಂದರೆ, ತಾವು ನನ್ನ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೀರಿ. ಅದೂ ಪರರ ಬೆನ್ನಿನ ಮೂಲಕ ಹೊಡೆಯುತ್ತಿದ್ದೀರಿ.

ಈ ಪತ್ರವನ್ನು ತಮ್ಮ ಕೈಗೇ ಕೊಡಬಹುದಿತ್ತು. ಆದರೂ ಮೆಟ್ಟಿಲಿನ ತಿರುವಿನಲ್ಲಿರುವ ಸೂಚನಾಫಲಕಕ್ಕೆ ಅಂಟಿಸಿದ್ದೇನೆ. ಏಕೆಂದರೆ ತಮ್ಮ ರೋಗಿಗಳು ಇಪ್ಪತ್ತೆರಡು ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಹತ್ತಲಾರದೆ ಹನ್ನೊಂದನೆಯದರಲ್ಲಿ ಕಟಕಟೆ ಹಿಡಿದು ಸುಧಾರಿಸಿಕೊಳ್ಳುತ್ತಾರೆ, ಆಗ ಓದಲು ಅವರಿಗೂ ಏನಾದರೂ ಬೇಕಲ್ಲ. ಬೆನ್ನುನೋವಿನ ಚಿಕಿತ್ಸಾಲಯವನ್ನು ಮಹಡಿಯ ಮೇಲೆ ತೆರೆದ ತಮ್ಮ ವ್ಯವಹಾರಜಾಣ್ಮೆಗೆ ನಾನು ಮೊದಲ ದಿನವೇ ತಲೆದೂಗಿದ್ದೆ. ಕೆಳಗಿರುವಾಗ ನೋವು ಇತ್ತೋ ಇಲ್ಲವೋ ಎಂದು ಅನುಮಾನಿಸುವವರಿಗೂ ಮೇಲೆ ಮುಟ್ಟುವಷ್ಟರಲ್ಲಿ ಅನುಮಾನ ಪರಿಹಾರವಾಗಿರುತ್ತದೆ.

ಮೊದಲು ನನ್ನ ಕಸುಬಿನ ಬಗ್ಗೆ ಎರಡು ಮಾತು ಹೇಳಲು ಅಪ್ಪಣೆಯಾಗಬೇಕು. ಮನುಷ್ಯನ ಮೈ ಎರಡೂ ಕಡೆ ಒಂದೇ ಸಮ ಇರುತ್ತದೆ ಎಂಬುದು ತಮ್ಮ ಗೋಡೆಯ ಮೇಲೆ ತೂಗುಹಾಕಿರುವ ಅಸ್ಥಿಪಂಜರದ ಚಿತ್ರಕ್ಕೆ ಮಾತ್ರ ಸಲ್ಲುವ ಸಂಗತಿ; ಮೂವತ್ತು ವರ್ಷಗಳಲ್ಲಿ ಅಂಥ ಒಬ್ಬ ಮನುಷ್ಯನೂ ನನ್ನ ಟೇಪಿನ ಕೆಳಗೆ ಬಂದಿಲ್ಲ. ಒಬ್ಬರ ಬಲಭುಜ ಇಳಿದಿರುತ್ತದೆ, ಇನ್ನೊಬ್ಬರ ಕುತ್ತಿಗೆ ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿರುತ್ತದೆ, ಮತ್ತೊಬ್ಬರ ಸೊಂಟದ ಒಂದು ಮಗ್ಗುಲು ಏನನ್ನೋ ಕದ್ದು ಕೇಳುವಂತೆ ಮೇಲೆದ್ದಿರುತ್ತದೆ. ಇದನ್ನೆಲ್ಲ ಬಟ್ಟೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಇಳಿದ ಭುಜಕ್ಕೆ ಒಳಗಿನಿಂದ ತೆಳ್ಳನೆಯ ಪ್ಯಾಡು, ಬಾಗಿದ ಬೆನ್ನಿಗೆ ಹಿಂಭಾಗದಲ್ಲಿ ಒಂದಿಂಚು ಹೆಚ್ಚು ಬಟ್ಟೆ, ಮುಂಭಾಗದಲ್ಲಿ ಅಷ್ಟೇ ಕಡಿಮೆ. ಹೀಗೆ ಕತ್ತರಿಸಿ ಹೊಲಿದರೆ, ಹಾಕಿಕೊಂಡವರು ಕನ್ನಡಿಯ ಮುಂದೆ ನಿಂತು ತಮ್ಮನ್ನು ತಾವೇ ಮೆಚ್ಚಿಕೊಂಡು ಹೋಗುತ್ತಾರೆ.

ನನ್ನ ಗುರುಗಳು, ಅಂದರೆ ನನಗಿಂತ ಮೊದಲು ಈ ಅಂಗಡಿಯನ್ನು ನಡೆಸಿದ ದೊಡ್ಡ ದರ್ಜಿ, ನನಗೆ ಕತ್ತರಿ ಹಿಡಿಸುವ ಮೊದಲು ಬಾಯಿ ಮುಚ್ಚಿಕೊಳ್ಳುವುದನ್ನು ಕಲಿಸಿದರು. ಯಾರ ಮೈಯಲ್ಲಿ ಯಾವ ಊನ ಕಂಡರೂ ಅವರಿಗೆ ಹೇಳಕೂಡದು. ಅಳತೆಯ ಪುಸ್ತಕದಲ್ಲಿ ಹೆಸರಿನ ಪಕ್ಕ ಒಂದು ಓರೆಗೆರೆ ಎಳೆದು ಎಷ್ಟು ಇಂಚು ಎಂದು ಬರೆದುಕೊಂಡು ಸುಮ್ಮನಾಗಬೇಕು. ಅವರು ಕಲಿಸಿದ ಎರಡನೆಯ ಗುಟ್ಟು ಇನ್ನೂ ಸೂಕ್ಷ್ಮದ್ದು. ಟೇಪು ಕಂಡ ಕೂಡಲೇ ಜನ ಫೋಟೋಕ್ಕೆ ನಿಂತಂತೆ ಸೆಟೆದು ನಿಲ್ಲುತ್ತಾರೆ, ಹೊಟ್ಟೆ ಒಳಗೆ ಹೋಗುತ್ತದೆ, ಎದೆ ಹೊರಗೆ ಬರುತ್ತದೆ, ಆ ಅಳತೆ ಶುದ್ಧ ಸುಳ್ಳು. ಆದ್ದರಿಂದ ಟೇಪನ್ನು ಬೆನ್ನ ಮೇಲೆ ಇಡುವ ಹೊತ್ತಿಗೆ ಅವರ ಮನೆಯ ಮಾತು ತೆಗೆಯಬೇಕು. "ಅಳಿಯಂದಿರು ಹೇಗಿದ್ದಾರೆ?" ಎಂದು ಕೇಳಿದರೆ ಸಾಕು, ಎಂಥ ಸೇನಾಧಿಕಾರಿಯೂ ಉಸ್ಸೆಂದು ಉಸಿರುಬಿಟ್ಟು ತನ್ನ ನಿಜವಾದ ಆಕಾರಕ್ಕೆ ಇಳಿಯುತ್ತಾನೆ. ಆಗ ಅಳೆಯಬೇಕು.

ಹೀಗೆ ಓರೆಗೆರೆಗಳಿಂದ ತುಂಬಿದ ಏಳು ಪುಸ್ತಕಗಳು ನನ್ನ ಕಪಾಟಿನಲ್ಲಿವೆ. ಹದಿನಾಲ್ಕು ತಿಂಗಳ ಹಿಂದೆ, ಇಡೀ ಬೀದಿ ಈಗ ಡಾಕ್ಟ್ರಮ್ಮ ಎಂದು ಕರೆಯುವ ತಾವು ಮೇಲಿನ ಮಹಡಿಗೆ ಬಂದು ಬೋರ್ಡು ಹಾಕಿದಿರಿ; ಅಂದಿನಿಂದ ಆ ಏಳೂ ಪುಸ್ತಕಗಳು ರದ್ದಿ ಕಾಗದವಾಗುತ್ತಾ ಬಂದಿವೆ.

ಮೊದಲು ಬಂದವರು ಅಂಚೆಯವರು. ಇಪ್ಪತ್ತಾರು ವರ್ಷ ಎಡಹೆಗಲಿಗೆ ಚೀಲ ನೇತುಹಾಕಿಕೊಂಡು ತಿರುಗಿದ ಅವರ ಎಡಭುಜ ಮುಕ್ಕಾಲು ಇಂಚು ಮೇಲಿತ್ತು, ಅದಕ್ಕೆ ತಕ್ಕಂತೆ ನಾನು ಹೊಲಿದ ಕೋಟು ಅವರ ಮೈಮೇಲೆ ಹುಟ್ಟಿನಿಂದಲೇ ಬಂದಂತೆ ಕೂತಿತ್ತು. ತಾವು ಅವರ ಚೀಲವನ್ನು ಎರಡು ಪಟ್ಟಿಯದನ್ನಾಗಿ ಬದಲಾಯಿಸಿ ಬೆನ್ನಿಗೆ ಹಾಕಿಸಿದಿರಿ, ಗೋಡೆಗೆ ಬೆನ್ನು ಕೊಟ್ಟು ಕೈ ಮೇಲೆ ಕೆಳಗೆ ಆಡಿಸುವುದನ್ನು ಕಲಿಸಿದಿರಿ, ವಾರಕ್ಕೊಮ್ಮೆ ಅದೇನೋ ಒತ್ತಿದಿರಿ. ನಾಲ್ಕು ತಿಂಗಳ ನಂತರ ಅವರು ಅದೇ ಕೋಟು ಹಾಕಿಕೊಂಡು ಬಂದು ನನ್ನ ಕನ್ನಡಿಯ ಮುಂದೆ ನಿಂತು, "ಏನ್ ಮಾಸ್ಟ್ರೇ, ಇದು ಒಂದ್ ಕಡೆ ಏರಿದೆ, ಒಂದ್ ಕಡೆ ಇಳಿದಿದೆ, ನನಗ್ ಹೊಲಿಯೋವಾಗ ನಿಮ್ ಗಮನ ಎಲ್ಲಿತ್ತು?" ಎಂದರು. ಸೊಟ್ಟಗಿದ್ದದ್ದು ನೀವು, ಕೋಟಲ್ಲ ಎಂದರೆ ಗುರುಗಳ ನಿಯಮ ಮುರಿಯುತ್ತದೆ. ತಪ್ಪಾಯಿತು ಎಂದು ಹಲ್ಲು ಕಚ್ಚಿ ಕೋಟು ಬಿಚ್ಚಿಸಿಕೊಂಡೆ.

ಅವರ ಹಿಂದೆಯೇ ಶಾಲೆಯ ಗಣಿತದ ಮೇಷ್ಟ್ರು ಬಂದರು. ಉತ್ತರಪತ್ರಿಕೆ ತಿದ್ದಿ ತಿದ್ದಿ ಮುಂದೆ ಚಾಚಿಕೊಂಡಿದ್ದ ಅವರ ಕುತ್ತಿಗೆ, ತಾವು ಮೇಜಿನ ಮೇಲೆ ಓರೆ ಹಲಗೆಯೊಂದನ್ನು ಇಟ್ಟು ಕಾಗದವನ್ನು ಕಣ್ಣಿನ ಮಟ್ಟಕ್ಕೆ ಏರಿಸಿದ ಮೇಲೆ ಸ್ವಸ್ಥಾನಕ್ಕೆ ಮರಳಿದ್ದರಿಂದ, ನಾನು ಕಾಲರಿಗೆ ಕೊಟ್ಟಿದ್ದ ಹೆಚ್ಚುವರಿ ಬಟ್ಟೆ ಅವರ ಕುತ್ತಿಗೆಯ ಹಿಂದೆ ಅನಾಥವಾಗಿ ನಿಂತಿತ್ತು. ಹಲ್ಲಿನ ಡಾಕ್ಟರು ಬಂದರು. ಲೈಬ್ರರಿಯ ಅಕ್ಕ ಬಂದರು. ತಮ್ಮ ಮೆಟ್ಟಿಲು ಇಳಿದವರೆಲ್ಲ ನೆಟ್ಟಗೆ ನನ್ನ ಬಾಗಿಲಿಗೇ ಬಂದು ಬಟ್ಟೆ ಸರಿಯಿಲ್ಲ ಎಂದು ದೂರುವುದನ್ನು ನೋಡಿ, ಎದುರಿನ ಚಪ್ಪಲಿ ಅಂಗಡಿಯವರು ನನ್ನ ಕೈ ಕೆಟ್ಟಿದೆ ಎಂದು ಸುದ್ದಿ ಹಬ್ಬಿಸಿದರು.

ಹಿಂಜೇಬಿನ ವಿಚಾರಕ್ಕೆ ಬರುತ್ತೇನೆ, ದಯವಿಟ್ಟು ಕುಳಿತುಕೊಂಡು ಓದಿ. ಅಥವಾ ಅರ್ಧ ಗಂಟೆಯಿಂದ ಕುಳಿತೇ ಇದ್ದರೆ ಎದ್ದು ನಿಂತು ಓದಿ. ಈ ಬೀದಿಯಲ್ಲಿ ನನಗೆ ಹೆಸರು ತಂದುಕೊಟ್ಟದ್ದೇ ಪ್ಯಾಂಟಿನ ಹಿಂಜೇಬು. ಹಿಂದೆ ಎರಡು ಪದರದ ಬಟ್ಟೆ ಕೊಟ್ಟು, ಮೂಲೆಗಳಿಗೆ ಎರಡೆರಡು ಹೊಲಿಗೆ ಹಾಕಿ, ಗುರುತಿನ ಚೀಟಿ, ಹಳೆಯ ರಸೀತಿ, ಹೆಂಡತಿಯ ಫೋಟೋ, ಬಸ್ಸಿನ ಪಾಸು ಎಲ್ಲವನ್ನೂ ತುಂಬಿದ ಇಟ್ಟಿಗೆ ಗಾತ್ರದ ಪಾಕೀಟು ಇಟ್ಟರೂ ಹರಿಯದ ಜೇಬು ಅದು. ತಾವು ಬಂದದ್ದೇ ತಡ, ಆ ಪಾಕೀಟಿನ ಮೇಲೆ ದಿನವಿಡೀ ಕುಳಿತರೆ ಒಂದು ಕಡೆಯ ಸೊಂಟ ಏರಿ ಬೆನ್ನು ತಿರುಚಿಕೊಳ್ಳುತ್ತದೆ, ಪಾಕೀಟನ್ನು ಮುಂದಿನ ಜೇಬಿಗೆ ಹಾಕಿ ಎಂದು ಹೇಳಿ ಕಳಿಸಿದಿರಿ. ಈಗ ವಿಮಾ ಕಚೇರಿಯ ಗುಮಾಸ್ತರು ಗುಂಪಾಗಿ ಬಂದು ಹಿಂಜೇಬಿನ ಬಾಯಿ ಹೊಲಿದುಬಿಡಿ ಎನ್ನುತ್ತಾರೆ. ನಾನೇ ಹೊಲಿದ ಜೇಬನ್ನು ನಾನೇ ಹೊಲಿದು ಮುಚ್ಚುವ ಕೂಲಿಯನ್ನು ಯಾವ ಖಾತೆಗೆ ಬರೆದುಕೊಳ್ಳಲಿ ಎಂಬುದನ್ನು ತಾವೇ ಹೇಳಬೇಕು.

ಇಷ್ಟರ ಮೇಲೆ ನನ್ನ ಅಂಗಡಿಯೇ ತಮ್ಮ ಚಿಕಿತ್ಸಾಲಯದ ಎರಡನೆಯ ಶಾಖೆಯಾಗಿಬಿಟ್ಟಿದೆ. ಟ್ರಯಲ್ ಕೋಣೆಯ ಪರದೆ ಸರಿಸಿದರೆ ಒಳಗೆ ಒಬ್ಬರು ಅರ್ಧ ಪ್ಯಾಂಟಿನಲ್ಲಿ ಬಾಗಿಲ ಚೌಕಟ್ಟು ಹಿಡಿದು ಎದೆ ಚಾಚುತ್ತಿರುತ್ತಾರೆ. ಹೊರಗೆ ನಾನು ಹಾಕಿಸಿದ ಮೆತ್ತನೆಯ ಸೋಫಾದಲ್ಲಿ ಯಾರೂ ಕೂರುವುದಿಲ್ಲ, ಮರದ ಕುರ್ಚಿಗೆ ಸರದಿ ನಿಲ್ಲುತ್ತಾರೆ. ಕೆಳಗೆ ಬಿದ್ದ ಗುಂಡಿಯನ್ನು ಎತ್ತಿಕೊಳ್ಳಲು ಒಬ್ಬ ಯಜಮಾನರು ಮೊದಲು ಒಂದು ಕಾಲು ಮುಂದಿಟ್ಟು, ಆಮೇಲೆ ಮಂಡಿ ಮಡಚಿ, ಉಸಿರು ಬಿಟ್ಟು, ವಿಮಾನ ಇಳಿಸುವವರ ಎಚ್ಚರಿಕೆಯಲ್ಲಿ ಇಳಿದರು. ಅವರು ಮೇಲೇಳುವಷ್ಟರಲ್ಲಿ ನಾನು ಬೇರೆ ಗುಂಡಿ ಹೊಲಿದು ಮುಗಿಸಿದ್ದೆ. ಎಲ್ಲಕ್ಕಿಂತ ದೊಡ್ಡ ಅನ್ಯಾಯವೆಂದರೆ, ಅಳಿಯಂದಿರ ಸುದ್ದಿ ಕೇಳಿದರೂ ಈಗ ಯಾರೂ ಕುಸಿಯುತ್ತಿಲ್ಲ. ಭುಜ ಹಿಂದಕ್ಕೆ ಸರಿಸಿ, "ಚೆನ್ನಾಗಿದ್ದಾರೆ" ಎಂದು ನೆಟ್ಟಗೆ ನಿಂತೇ ಹೇಳುತ್ತಾರೆ.

ಆದ್ದರಿಂದ ತಮ್ಮಲ್ಲಿ ಕೆಲವು ಕೋರಿಕೆಗಳಿವೆ. ಯಾರನ್ನೇ ಆಗಲಿ ಕಾಲು ಇಂಚಿಗಿಂತ ಹೆಚ್ಚು ನೆಟ್ಟಗೆ ಮಾಡುವುದಾದರೆ ಹದಿನೈದು ದಿನ ಮುಂಚಿತವಾಗಿ ನನಗೆ ಲಿಖಿತ ಸೂಚನೆ ಕೊಡಬೇಕು, ಮತ್ತು ಅಳತೆ ಕೊಟ್ಟ ದಿನದಿಂದ ಬಟ್ಟೆ ಕೈಸೇರುವ ದಿನದವರೆಗೆ ಆ ಬೆನ್ನು ನನ್ನ ಸುಪರ್ದಿಯಲ್ಲಿದೆ ಎಂದು ತಿಳಿದು ಅದನ್ನು ಮುಟ್ಟಕೂಡದು. ಗುಣಪಡಿಸಲೇಬೇಕೆಂದಿದ್ದರೆ, ಬಲಭುಜ ಇಳಿದವರೊಬ್ಬರನ್ನು ಎಡಭುಜ ಇಳಿದವರನ್ನಾಗಿಯೂ ಎಡಭುಜ ಇಳಿದವರೊಬ್ಬರನ್ನು ಬಲಭುಜ ಇಳಿದವರನ್ನಾಗಿಯೂ ಬದಲಾಯಿಸಿ ಜೋಡಿ ಮಾಡಿ ಕಳಿಸಿಕೊಟ್ಟರೆ ಅವರ ಹಳೆಯ ಕೋಟುಗಳನ್ನು ಅದಲುಬದಲು ಮಾಡಿ ಇಬ್ಬರಿಗೂ ಸಮಾಧಾನ ಹೇಳಬಹುದು. ಅದೂ ಆಗದಿದ್ದರೆ ತೆಗೆದ ಸೊಟ್ಟವನ್ನೆಲ್ಲ ಒಂದು ಡಬ್ಬದಲ್ಲಿ ಹಾಕಿ, ಮೇಲೆ ಹೆಸರು ಬರೆದು, ಸಂಜೆ ಇಳಿದು ಹೋಗುವಾಗ ನನ್ನ ಕೌಂಟರಿನ ಮೇಲೆ ಇಟ್ಟು ಹೋಗುವ ಕೃಪೆ ಮಾಡಬೇಕು.

ಇಲ್ಲಿಗೆ ಈ ಪತ್ರ ಮುಗಿಯಬೇಕಿತ್ತು, ಹಾಗೆ ಮುಗಿಸಿ ಐದು ತಿಂಗಳ ಹಿಂದೆಯೇ ಫಲಕಕ್ಕೆ ಅಂಟಿಸಬೇಕೆಂದಿದ್ದೆ. ಅಂಟಿಸಲು ಅಂಟು ಹುಡುಕುತ್ತಿದ್ದ ವಾರದಲ್ಲೇ ನಡೆಯಬಾರದ್ದು ನಡೆಯಿತು.

ವಿಮಾ ಕಚೇರಿಯ ಹಿರಿಯ ಗುಮಾಸ್ತರು ಹೊಸ ಕೋಟಿನ ಟ್ರಯಲಿಗೆ ಬಂದು, ಒಂದು ತೋಳಿರುವ ಕೋಟು ಹಾಕಿಕೊಂಡು, ಮೈತುಂಬ ಗುಂಡುಸೂಜಿ ಚುಚ್ಚಿಸಿಕೊಂಡು ನಿಂತಿದ್ದರು. ನನ್ನ ಸೀಮೆಸುಣ್ಣದ ತುಂಡು ಜಾರಿ ಕತ್ತರಿಸುವ ಮೇಜಿನ ಕೆಳಗೆ ಹೋಯಿತು. ನಲವತ್ತು ಮೀಟರಿನ ಬಟ್ಟೆಯ ಉರುಳೆಗಳನ್ನು ಒಂಟಿ ಹೆಗಲಲ್ಲಿ ಹೊತ್ತವನು ನಾನು. ಬಗ್ಗಿದೆ, ಅಷ್ಟೆ. ಬೆನ್ನಿನಲ್ಲಿ ಯಾರೋ ಕೊಂಡಿ ಹಾಕಿದಂತಾಗಿ, ತಲೆ ಮೇಜಿನ ಅಡಿಯಲ್ಲಿ, ಉಳಿದದ್ದು ಹೊರಗೆ, ಹಾಗೇ ನಿಂತುಬಿಟ್ಟೆ. ಗುಮಾಸ್ತರು ನಾನು ಅವರ ಪ್ಯಾಂಟಿನ ಅಂಚು ನೋಡುತ್ತಿದ್ದೇನೆ ಎಂದುಕೊಂಡು, ಅಳತೆ ಕೆಡಬಾರದೆಂದು ಉಸಿರು ಬಿಗಿಹಿಡಿದು ಹತ್ತು ನಿಮಿಷ ಅಲುಗಾಡದೆ ನಿಂತರು. ಅವರ ಸಹಕಾರವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ಆ ಹತ್ತು ನಿಮಿಷ ನನಗೆ ನೋಡಲು ಮೇಜಿನ ಅಡಿಭಾಗ ಬಿಟ್ಟು ಬೇರೇನೂ ಇರಲಿಲ್ಲ. ಅಲ್ಲಿ, ಹಲಗೆಗೆ ಮೊಳೆ ಹೊಡೆದು ಬಿಗಿದಿದ್ದ ಹಳೆಯ ಕ್ಯಾನ್ವಾಸಿನ ಗಂಟೊಂದು ಕಂಡಿತು. ಗುರುಗಳು ಚಿಂದಿಯನ್ನೂ ಎಸೆಯದ ಮನುಷ್ಯ, ಇದೂ ಅವರ ಉಳಿತಾಯವೇ ಇರಬೇಕು ಎಂದುಕೊಂಡೆ. ಕೊನೆಗೆ ಒಳಗೆ ಗುಂಡಿಗಳಿಗೆ ಕಾಜಾ ಹಾಕುತ್ತಿದ್ದ ನನ್ನ ಹೆಂಡತಿ ಬಂದು, "ಅಯ್ಯೋ, ಇವರು ಬಗ್ಗಿರೋದಲ್ಲ, ಸಿಕ್ಕಿಹಾಕಿಕೊಂಡಿದ್ದಾರೆ!" ಎಂದು ಕೂಗಿದ ಮೇಲೆಯೇ ಗುಮಾಸ್ತರು ಉಸಿರು ಬಿಟ್ಟದ್ದು.

ಇಲ್ಲಿ ಒಂದು ವಿಷಯವನ್ನು ಎಲ್ಲರೆದುರು ಒಪ್ಪಿಕೊಳ್ಳಬೇಕು. ಅದು ಮೊದಲ ಸಲವಲ್ಲ. ಎಂಟು ತಿಂಗಳಿಂದ ಸಂಜೆಯಾದರೆ ಸೊಂಟ ಹಿಡಿಯುತ್ತಿತ್ತು, ನೋವು ಬಲಗಾಲಿಗೆ ಇಳಿಯುತ್ತಿತ್ತು, ಗೆರೆ ಎಳೆಯುವಾಗ ಕೈ ತಪ್ಪಿದರೆ ಸೀಮೆಸುಣ್ಣ ಸರಿಯಿಲ್ಲ ಎಂದು ಹೆಂಡತಿಗೆ ಸುಳ್ಳು ಹೇಳುತ್ತಿದ್ದೆ. ನನಗೆ ಬೇರೆ ವಿದ್ಯೆ ಬರುವುದಿಲ್ಲ. ಆ ಮೇಜಿನ ಮುಂದೆ ನಿಲ್ಲಲಾಗದ ದಿನ ಅಂಗಡಿಗೆ ಬೀಗ ಹಾಕಬೇಕು, ಬೀಗ ಹಾಕಿದ ಮರುದಿನ ಬೆಳಿಗ್ಗೆ ಎದ್ದು ಏನು ಮಾಡುವುದು ಎಂದು ನನಗೆ ಗೊತ್ತಿರಲಿಲ್ಲ. ತಮ್ಮ ಮೇಲಿನ ನನ್ನ ಸಿಟ್ಟಿನಲ್ಲಿ ಮುಕ್ಕಾಲು ಪಾಲು ಈ ಹೆದರಿಕೆಯೇ ಇತ್ತು.

ಹೆಂಡತಿ ಮುಂದೆ, ಗುಮಾಸ್ತರು ಹಿಂದೆ, ಗುಂಡುಸೂಜಿಗಳ ಸಮೇತ, ನನ್ನನ್ನು ಇಪ್ಪತ್ತೆರಡು ಮೆಟ್ಟಿಲು ಹತ್ತಿಸಿ ತಮ್ಮ ಮುಂದೆ ನಿಲ್ಲಿಸಿದರು. ತಾವು ನನ್ನನ್ನು ಮಲಗಿಸಿ ಲಟಕ್ ಎನಿಸುತ್ತೀರಿ, ನಾನು ಕಿರುಚುತ್ತೇನೆ, ಆಮೇಲೆ ಅದನ್ನೇ ಹಿಡಿದು ಇನ್ನೊಂದು ಪತ್ರ ಬರೆಯುತ್ತೇನೆ ಎಂದು ಸಿದ್ಧವಾಗಿದ್ದೆ. ತಾವು ಮುಟ್ಟಲೇ ಇಲ್ಲ. ಕಾಲು ಜೋಮು ಹಿಡಿಯುತ್ತದೆಯೇ, ಹೆಬ್ಬೆರಳು ಎತ್ತಲು ಆಗುತ್ತದೆಯೇ, ಮೂತ್ರಕ್ಕೆ ತೊಂದರೆಯಿದೆಯೇ, ಜ್ವರ ಬಂದಿತ್ತೇ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡು, ಮೊದಲು ದೊಡ್ಡ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬನ್ನಿ, ಆಮೇಲೆ ನನ್ನ ಕೈ ಎಂದು ಕಳಿಸಿದಿರಿ. ಅಲ್ಲಿಯವರು ಬೆನ್ನಿನ ಎಕ್ಸ್-ರೇ ತೆಗೆದು ಹೆದರುವಂಥದ್ದೇನಿಲ್ಲ ಎಂದ ಮೇಲೆಯೇ ತಾವು ಕೆಲಸಕ್ಕೆ ಕೈಹಾಕಿದ್ದು. ಇಷ್ಟು ಜವಾಬ್ದಾರಿಯಿಂದ ನಡೆದುಕೊಂಡು ಒಬ್ಬ ದೂರುದಾರನನ್ನು ನಿರಾಶೆಗೊಳಿಸಿದ್ದು ಸರಿಯೇ?

ನಾನು ಎರಡನೆಯ ಸಲ ಮೇಲೆ ಬಂದಾಗ ತಾವು, "ಸುಮ್ನೆ ನಿಂತ್ಕೊಳ್ಳಿ ಮಾಸ್ಟ್ರೇ, ನೋಡೋಣ" ಎಂದಿರಿ. ನಾನು ಸೆಟೆದು ನಿಂತೆ, ಹೊಟ್ಟೆ ಒಳಗೆ, ಎದೆ ಹೊರಗೆ. ತಾವು ನನ್ನ ಬೆನ್ನ ಹಿಂದೆ ಬಂದು, ಏನೂ ಅರಿಯದವರಂತೆ, "ಅಂಗಡಿ ಹೇಗೆ ನಡೀತಿದೆ?" ಎಂದು ಕೇಳಿದಿರಿ. ನಾನು ಉಸ್ಸೆಂದೆ. ಇಡೀ ಮೈ ತನ್ನ ನಿಜವಾದ ಆಕಾರಕ್ಕೆ ಇಳಿಯಿತು. ನನ್ನ ಗುರುಗಳ ಗುಟ್ಟನ್ನು ನನ್ನ ಮೇಲೆಯೇ ಪ್ರಯೋಗಿಸಿದ ತಾವು ಅದನ್ನು ಎಲ್ಲಿ ಕಲಿತಿರಿ ಎಂಬುದಕ್ಕೆ ವಿವರಣೆ ಕೊಡಬೇಕಾಗುತ್ತದೆ.

ಆಮೇಲೆ ತಾವು ಇನ್ನೊಂದು ಪ್ರಶ್ನೆ ಕೇಳಿದಿರಿ, ಅಂಗಿ ಹಿಂದೆ ಯಾಕೆ ಇಷ್ಟು ಮೇಲಿದೆ ಎಂದು. ದರ್ಜಿಯ ಅಳತೆಯನ್ನು ಯಾರೂ ತೆಗೆಯುವುದಿಲ್ಲ ಮಾನ್ಯರೇ. ನನಗೆ ಇಪ್ಪತ್ತೆರಡು ವರ್ಷವಿದ್ದಾಗ ಗುರುಗಳು ತೆಗೆದ ಅಳತೆಯಲ್ಲೇ ಅಂದಿನವರೆಗೂ ನನ್ನ ಅಂಗಿ ಹೊಲಿದುಕೊಳ್ಳುತ್ತಿದ್ದೆ. ಹತ್ತು ವರ್ಷಗಳಿಂದ ಅದು ಹಿಂದೆ ಏರಿ ಮುಂದೆ ಜೋತುಬೀಳುತ್ತಿತ್ತು, ಬಟ್ಟೆ ನೀರಿಗೆ ಹಾಕಿದರೆ ಕುಗ್ಗುತ್ತದೆ ಎಂದು ಗಿರಣಿಯವರಿಗೆ ಶಾಪ ಹಾಕುತ್ತಿದ್ದೆ. ಹಿಂದೆ ಮಾತ್ರ ಕುಗ್ಗುವ ಬಟ್ಟೆಯನ್ನು ಯಾವ ಗಿರಣಿಯೂ ನೇಯುವುದಿಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ಬೇರೆಯವರ ಮೈಮೇಲೆ ಅಂಥ ಅಂಗಿ ಕಂಡಿದ್ದರೆ ಬೀದಿಯ ಆಚೆ ಬದಿಯಿಂದಲೇ ಓರೆಗೆರೆ ಎಳೆಯುತ್ತಿದ್ದೆ. ಆ ದಿನ ಕೆಳಗಿಳಿದು, ಏಳನೆಯ ಪುಸ್ತಕದ ಹೊಸ ಪುಟದಲ್ಲಿ 'ನಾನು' ಎಂದು ಬರೆದು, ಪಕ್ಕದಲ್ಲಿ ಒಂದು ಓರೆಗೆರೆ ಎಳೆದು, ಒಂದೂವರೆ ಇಂಚು ಎಂದು ನಮೂದಿಸಿದೆ.

ತಾವು ಒಮ್ಮೆ ಅಂಗಡಿಗೇ ಇಳಿದು ಬಂದು, ನಾನು ಕೆಲಸ ಮಾಡುವುದನ್ನು ಬಾಗಿಲಲ್ಲಿ ನಿಂತು ನೋಡಿ, ಕತ್ತರಿಸುವ ಮೇಜು ನಿಮಗೆ ನಾಲ್ಕೈದು ಇಂಚು ತಗ್ಗು, ನಾನು ಮೇಲೆ ಏನೇ ಮಾಡಿದರೂ ಇದು ಕೆಳಗೆ ದಿನವೂ ಅಳಿಸಿಹಾಕುತ್ತದೆ ಎಂದಿರಿ. ನನ್ನ ಗುರುಗಳು ಐದಡಿಗೂ ಕಡಿಮೆ, ನಾನು ಆರಡಿಗೆ ಒಂದಿಂಚು ಕಡಿಮೆ. ಅಂಗಡಿ ನನ್ನ ಕೈಗೆ ಬಂದ ಇಪ್ಪತ್ತಮೂರು ವರ್ಷಗಳಿಂದ ನಾನು ಅವರ ಎತ್ತರಕ್ಕೆ ಬಗ್ಗಿ ಕೆಲಸ ಮಾಡುತ್ತಿದ್ದೆ. ಮೇಜಿನ ಕಾಲಿಗೆ ಒಂದು ಚೂರು ಮರ ಸೇರಿಸುವುದೆಂದರೆ ಗುರುಗಳ ತಲೆಯ ಮೇಲೆ ಕಾಲಿಟ್ಟಂತೆ ಎಂದು ತಮಗೆ ಖಡಾಖಂಡಿತವಾಗಿ ಹೇಳಿ ಕಳಿಸಿದೆ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡುವುದು, ನಿಂತು ಕತ್ತರಿಸುವಾಗ ಒಂದು ಕಾಲನ್ನು ಮಣೆಯ ಮೇಲಿಟ್ಟು ಆಗಾಗ ಕಾಲು ಬದಲಿಸುವುದು, ಬಟ್ಟೆಯ ಉರುಳೆಯನ್ನು ಎದೆಗೆ ಅವುಚಿಕೊಂಡು ಎತ್ತುವುದು, ಮಗ್ಗುಲಾಗಿ ಮಲಗಿ ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳುವುದು, ಇವನ್ನೆಲ್ಲ ಒಪ್ಪಿಕೊಂಡೆ. ಅಡುಗೆಮನೆಯ ಟೈಮರನ್ನು ಹೆಂಡತಿ ಅಂಗಡಿಗೆ ತಂದಿಟ್ಟಳು. ಅದು ಗಂಟೆ ಬಾರಿಸಿದಾಗಲೆಲ್ಲ ನಾನೂ ಅವಳೂ ಎದ್ದು, ಅಳತೆ ಕೊಡುತ್ತಿರುವವರನ್ನೂ ಕರೆದುಕೊಂಡು ಬೀದಿಯ ಕೊನೆಯ ದೀಪದ ಕಂಬ ಮುಟ್ಟಿ ಬರುವ ಪದ್ಧತಿ ಶುರುವಾಯಿತು. ಮೇಜಿನ ವಿಷಯ ಮಾತ್ರ ಎತ್ತಬೇಡಿ ಎಂದು ತಮಗೂ ಅವಳಿಗೂ ಹೇಳಿದ್ದೆ.

ಅವಳು ವಿಷಯ ಎತ್ತಲಿಲ್ಲ, ನೇರವಾಗಿ ಮೇಜನ್ನೇ ಎತ್ತಿದಳು. ನಾನು ತಮ್ಮ ಬಳಿ ಮುಖಕ್ಕೆ ತೂತಿರುವ ಹಾಸಿಗೆಯ ಮೇಲೆ ಬೋರಲು ಮಲಗಿದ್ದ ನಲವತ್ತು ನಿಮಿಷಗಳಲ್ಲಿ, ಹೆಂಡತಿ ಬಡಗಿಯನ್ನು ಕರೆಸಿದ್ದಳು. (ಆ ದಿನ ತಾವು ಎಂದಿಗಿಂತ ನಿಧಾನವಾಗಿ ಒತ್ತುತ್ತಿದ್ದಿರಿ, ಸಂಚಿನಲ್ಲಿ ತಮ್ಮ ಪಾಲೂ ಇತ್ತೆಂದು ನನ್ನ ಬಲವಾದ ಗುಮಾನಿ.) ಕೆಳಗಿಳಿದು ನೋಡಿದರೆ, ಗುರುಗಳ ಮೇಜು ನಾಲ್ಕೂ ಕಾಲು ಮೇಲೆತ್ತಿ ಅಂಗಡಿಯ ನಡುವೆ ಅಂಗಾತ ಬಿದ್ದಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದನ್ನು ಬೈಯಬೇಕೆಂದು ಬಾಯಿ ತೆರೆದಾಗ, ಬಡಗಿ ಮೇಜಿನ ಅಡಿಯ ಮೊಳೆ ಕಿತ್ತು ಆ ಕ್ಯಾನ್ವಾಸಿನ ಗಂಟನ್ನು ನನ್ನ ಕೈಗೆ ಕೊಟ್ಟು, "ಇದ್ರಲ್ಲಿ ಮರ ಇದೆ ಮಾಸ್ಟ್ರೇ, ಚಿಂದಿ ಅಲ್ಲ" ಎಂದ.

ಬಿಚ್ಚಿದೆ. ನಾಲ್ಕು ಮರದ ತುಂಡುಗಳು, ಒಂದೊಂದೂ ನಾಲ್ಕೂವರೆ ಇಂಚು, ಮೇಜಿನ ಕಾಲಿನದೇ ಕೆತ್ತನೆ, ಅದೇ ಬಣ್ಣ. ಒಂದರ ಮೇಲೆ 'ಮುಂದಿನ ಎಡ', ಇನ್ನೊಂದರ ಮೇಲೆ 'ಮುಂದಿನ ಬಲ', ಹೀಗೆ ನಾಲ್ಕಕ್ಕೂ ಗುರುತು. ಜೊತೆಗೆ ಒಂದು ತುಂಡು ಕಾಲರ್ ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಗುರುಗಳ ಅಕ್ಷರ: 'ನಮ್ಮ ಗುರುಗಳ ಮೇಜು ನನಗೆ ಎತ್ತರವಾಯಿತು, ಕೊಯ್ದಿದ್ದೇನೆ. ನನ್ನ ನಂತರ ನಿಲ್ಲುವವನು ಉದ್ದ ಇದ್ದರೆ ಹಚ್ಚಿಕೊಳ್ಳಲಿ.'

ನಾನು ನೆಲದ ಮೇಲೆ ಕುಳಿತುಬಿಟ್ಟೆ, ತಾವು ಬೇಡವೆಂದಿದ್ದ ಭಂಗಿಯಲ್ಲೇ. ಇಪ್ಪತ್ತಮೂರು ವರ್ಷ ಭಕ್ತಿಯಿಂದ ಬಗ್ಗಿದ್ದೆ, ಬಗ್ಗಿದ್ದು ಆ ನಾಲ್ಕೂವರೆ ಇಂಚಿನ ಮೇಲೆಯೇ. ಅವರು ಯಾಕೆ ಹೇಳಲಿಲ್ಲ ಎಂದು ಹೆಂಡತಿ ಕೇಳಿದಳು. ನನಗೆ ಗೊತ್ತಿತ್ತು. ಹೇಳಬೇಕಿದ್ದರೆ ನಾನು ಕುಳ್ಳ ಎಂದೋ, ನೀನು ಉದ್ದ ಎಂದೋ ಬಾಯಿಬಿಟ್ಟು ಹೇಳಬೇಕಿತ್ತು, ಯಾರ ಮೈಯ ವಿಷಯವನ್ನೂ ಆಡದ ಆ ಮನುಷ್ಯನಿಗೆ ಅದು ಸಾಧ್ಯವಿರಲಿಲ್ಲ. ಬರೆದು, ಬಟ್ಟೆಯಲ್ಲಿ ಸುತ್ತಿ, ಮೊಳೆ ಹೊಡೆದು, ಎಂದಾದರೂ ಇವನೇ ಬಗ್ಗಿ ನೋಡುತ್ತಾನೆ ಎಂದು ಕಾದಿರಬೇಕು. ನನಗೆ ಅಳು ಬಂತು. ಅತ್ತೆ. ಬಡಗಿ ಮರದ ಅಂಟು ಹುಡುಕುವ ನೆವದಲ್ಲಿ ಹೊರಗೆ ಹೋದ.

ಸಂಜೆಯೊಳಗೆ ನಾಲ್ಕೂ ತುಂಡುಗಳು ತಮ್ಮ ತಮ್ಮ ಕಾಲು ಸೇರಿದವು. ಮರುದಿನ ನಾನು ಮೇಜಿನ ಮುಂದೆ ನಿಂತು ಬಟ್ಟೆ ಹಾಸಿ ಮೊದಲ ಗೆರೆ ಎಳೆದಾಗ, ಕತ್ತರಿಯೇ ನನ್ನ ಕೈಯ ಮಟ್ಟಕ್ಕೆ ಎದ್ದು ಬಂದಿತ್ತು. ಈಗ ನಾಲ್ಕು ತಿಂಗಳಾಯಿತು. ನೋವು ಪೂರ್ತಿ ಹೋಗಿದೆ ಎಂದು ತಮ್ಮನ್ನು ಹೊಗಳುವ ಉದ್ದೇಶ ನನಗಿಲ್ಲ. ಬಂದರೂ ನೆಂಟರಂತೆ ಬಂದು, ದೀಪದ ಕಂಬದವರೆಗೆ ನಮ್ಮ ಜೊತೆ ನಡೆದು, ಅಲ್ಲಿಂದ ಹೊರಟುಹೋಗುತ್ತದೆ.

ಕಳೆದ ವಾರ ಹೆಂಡತಿ ಟೇಪು ಹಿಡಿದು, ಹೊಸ ಅಂಗಿಗೆ ಅಳತೆ ತೆಗೆಯುತ್ತೇನೆ, ನಿಲ್ಲಿ ಎಂದಳು. ಮೂವತ್ತು ವರ್ಷ ನನ್ನ ಜೊತೆ ಇದ್ದವಳಿಗೆ ಗುಟ್ಟು ಗೊತ್ತಿಲ್ಲದೆ ಇದ್ದೀತೇ. ಟೇಪನ್ನು ಬೆನ್ನ ಮೇಲೆ ಇಡುವಾಗ, "ಸಾಕಾಯ್ತು ಅನ್ನಿಸಿದ್ರೆ ಅಂಗಡಿ ಮುಚ್ಚಿಬಿಡೋಣ್ವಾ?" ಎಂದು ಕೇಳಿದಳು. ನಾನು ಕುಸಿಯಲಿಲ್ಲ. "ಯಾಕೆ ಮುಚ್ಚೋದು?" ಎಂದು ತಿರುಗಿ ನಿಂತೆ. ಅವಳು ಏಳನೆಯ ಪುಸ್ತಕದ ನನ್ನ ಪುಟ ತೆರೆದು, ಒಂದೂವರೆಯನ್ನು ಹೊಡೆದುಹಾಕಿ, ಅರ್ಧ ಎಂದು ಬರೆದಳು.

ಹೀಗಾಗಿ, ಮೇಲೆ ಕಾಣಿಸಿದ ದೂರುಗಳಲ್ಲಿ ಒಂದನ್ನೂ ಹಿಂದಕ್ಕೆ ಪಡೆಯದೆ, ಅವುಗಳಿಗೆ ಮತ್ತೊಂದನ್ನು ಸೇರಿಸುತ್ತಿದ್ದೇನೆ: ತಮ್ಮ ದೆಸೆಯಿಂದ ನನ್ನ ಹನ್ನೆರಡು ಅಂಗಿಗಳೂ ಈಗ ನನಗೆ ಹೊಂದುವುದಿಲ್ಲ. ಅಂಚೆಯವರ ಕೋಟು, ಮೇಷ್ಟ್ರ ಕಾಲರು, ಮೂವತ್ತೊಂದು ಹಿಂಜೇಬುಗಳು ಮತ್ತು ಈ ಹನ್ನೆರಡು ಅಂಗಿಗಳನ್ನು ಬಿಚ್ಚಿ ಹೊಲಿಯಲು ನನಗೆ ಕನಿಷ್ಠ ಇನ್ನೂ ಇಪ್ಪತ್ತು ವರ್ಷ ಆ ಮೇಜಿನ ಮುಂದೆ ನಿಲ್ಲಬೇಕಾಗುತ್ತದೆ. ಅಷ್ಟು ವರ್ಷ ನಿಲ್ಲಿಸುವ ಹೊಣೆ ತಮ್ಮದೇ ಎಂದು ಈ ಮೂಲಕ ತಿಳಿಯಪಡಿಸುತ್ತೇನೆ.

ನೆಟ್ಟಗೆ ನಿಂತು ಸಹಿ ಮಾಡಿರುವ,
ತಮ್ಮ ವಿಶ್ವಾಸಿ,
ನೆಲಮಹಡಿಯ ದರ್ಜಿ

ಮರೆತ ಮಾತು: ಚಿಕಿತ್ಸಾಲಯ ತೆರೆದಾಗ ತಾವು ನನ್ನಲ್ಲಿ ಹೊಲಿಸಿಕೊಂಡ ಬಿಳಿ ಕೋಟು ಬಹಳ ಚೆನ್ನಾಗಿ ಕೂತಿದೆ ಎಂದು ತಾವು ಎಲ್ಲರೆದುರು ಹೊಗಳುತ್ತೀರಿ. ಅದು ಚೆನ್ನಾಗಿ ಕೂತಿರುವುದು ಬಲಭುಜದ ಒಳಗೆ ನಾನು ಗುಟ್ಟಾಗಿ ಇಟ್ಟಿರುವ ಮುಕ್ಕಾಲು ಇಂಚಿನ ಪ್ಯಾಡಿನಿಂದ. ತಮ್ಮ ಬಲಭುಜ ಅಷ್ಟು ಇಳಿದಿದೆ, ಮತ್ತು ಪ್ರತಿ ತಿಂಗಳೂ ಇನ್ನಷ್ಟು ಇಳಿಯುತ್ತಿದೆ. ಏಕೆಂದರೆ ನಮ್ಮನ್ನೆಲ್ಲ ಮಲಗಿಸಿ ಒತ್ತುವ ತಮ್ಮ ಆ ಮೇಜು ತಮಗೆ ಮೂರು ಇಂಚು ತಗ್ಗು. ಮೂವತ್ತು ವರ್ಷಗಳ ಕಸುಬಿನಲ್ಲಿ ಇದನ್ನು ಬಾಯಿಬಿಟ್ಟು ಹೇಳುತ್ತಿರುವುದು ತಮಗೊಬ್ಬರಿಗೇ. ನಾಳೆ ಬಡಗಿಯನ್ನು ಮೇಲಕ್ಕೆ ಕಳಿಸುತ್ತೇನೆ. ಅವನು ಬರುವ ಮೊದಲು ತಾವು ಒಮ್ಮೆ ಮೇಜಿನ ಅಡಿ ನೋಡಿಕೊಂಡಿರಿ, ದಯವಿಟ್ಟು ಮಂಡಿ ಮಡಚಿ.